ಹಳೆಯ ಫೈಬರ್ ದೋಣಿಗೆ ನಾವೇ ಬಣ್ಣ ಹೊಡೆಯಬೇಕೇ?

ಪರ
(ಗಂಗೊಳ್ಳಿ ಬದಿಯ ನಾಡದೋಣಿ ಮೀನುಗಾರ)

ಬಣ್ಣ ಹೊಡೆದಾದ ಮೇಲೆ ಅದರ ಕೆಳಗೆ ಎಷ್ಟು ಉಜ್ಜಿದ್ದಾರೆ ಎಂಬುದು ಯಾರಿಗೂ ಕಾಣುವುದಿಲ್ಲ. ನಾನು ಹೇಳಬೇಕಾದ್ದೆಲ್ಲ ಈ ಒಂದು ಮಾತಿನಲ್ಲಿದೆ. ಬಣ್ಣ ನಾಲ್ಕು ವರ್ಷ ಬಾಳುವುದೋ ನಾಲ್ಕು ತಿಂಗಳಿಗೆ ಸುಲಿಯುವುದೋ ಎಂಬುದು ಕೊನೆಯ ಕೋಟಿನಲ್ಲಿ ತೀರ್ಮಾನವಾಗುವುದಿಲ್ಲ. ಮೊದಲ ದಿನ ತೊಳೆದದ್ದರಲ್ಲಿ, ಎರಡನೆಯ ಮೂರನೆಯ ದಿನ ಉಜ್ಜಿದ್ದರಲ್ಲಿ ಆಗಿಹೋಗಿರುತ್ತದೆ. ಕಣ್ಣಿಗೆ ಬೀಳದ ಆ ಕೆಲಸಕ್ಕೆ ಒಂದು ದಿನ ಹೆಚ್ಚು ಕೊಡುವ ಮನಸ್ಸು ಯಾರಿಗಿರುತ್ತದೆ? ಮೇಸ್ತ್ರಿಗೆ ಹೊಯ್ಗೆಯ ಮೇಲೆ ಮುಂದಿನ ದೋಣಿ ಕಾದಿರುತ್ತದೆ. ನಾಳೆ ಅದೇ ದೋಣಿಯಲ್ಲಿ ಅಳಿವೆ ದಾಟಬೇಕಾದವನಿಗೆ ಮಾತ್ರ ಆ ಮನಸ್ಸು ಬರುತ್ತದೆ.

ಕೆಲವು ವರ್ಷಗಳ ಹಿಂದೆ ನಾನೂ ದೋಣಿಯನ್ನು ಕಂತ್ರಾಟಿಗೆ ಕೊಟ್ಟಿದ್ದೆ. ಯಾರಿಗೆಂದು ಹೇಳುವುದಿಲ್ಲ. ಮೂರೇ ದಿನಕ್ಕೆ ಹೊಸ ದೋಣಿಯ ಹಾಗೆ ಹೊಳೆಯುತ್ತ ಬಂತು. ಮನೆಯವರೆಲ್ಲ ಬಂದು ನೋಡಿ ಹೋದರು. ನವರಾತ್ರಿಯ ಹೊತ್ತಿಗೆ ಅಂಚಿನಲ್ಲಿ ಉಗುರು ತಾಗಿಸಿದರೆ ಅಂಗೈಯಗಲದ ಬಣ್ಣ ಎದ್ದು ಬರುತ್ತಿತ್ತು. ಅದರ ಹಿಂಬದಿ ಗಾಜಿನಷ್ಟು ನುಣುಪು. ಅಡಿಯಲ್ಲಿ ಪೇಪರ್ ಸರಿಯಾಗಿ ಆಡಿಸಿಯೇ ಇರಲಿಲ್ಲ. ಹತ್ತು ವರ್ಷದ ಬೂತಾಯಿ, ಬಂಗುಡೆಗಳ ಎಣ್ಣೆ ಕುಡಿದ ಮೈಯ ಮೇಲೆ ಹಾಗೆಯೇ ಪ್ರೈಮರ್ ಎಳೆದುಬಿಟ್ಟಿದ್ದರು.

ಅಂದಿನಿಂದ ಈ ಕೆಲಸ ನನ್ನದು. ಉಜ್ಜುವ ಮೊದಲು ತೊಳೆಯಬೇಕು ಎಂಬುದೇ ಬಹಳ ಜನರಿಗೆ ಗೊತ್ತಿಲ್ಲ. ಮೊದಲೇ ಪೇಪರ್ ಹಿಡಿದರೆ ಎಣ್ಣೆಯನ್ನೂ ಮೇಣವನ್ನೂ ಗೀರುಗಳ ಒಳಗೆ ನಾವೇ ತುಂಬಿದಂತಾಗುತ್ತದೆ. ಸೋಪು ನೀರಿನಲ್ಲಿ ಎರಡು ಸಲ ತೊಳೆದು, ಆಮೇಲೆ ತಿನ್ನರಿನ ಬಟ್ಟೆಯಲ್ಲಿ ಒರೆಸಿ, ಪ್ರತಿ ಒರೆತಕ್ಕೂ ಬಟ್ಟೆ ಬದಲಿಸುತ್ತೇನೆ. ನಂತರ ಒಂದು ಚೊಂಬು ನೀರು ಎರಚಿ ನೋಡುತ್ತೇನೆ. ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಹನಿಹನಿಯಾಗಿ ಉರುಳಿದರೆ ಮೇಣ ಇನ್ನೂ ಇದೆ, ಮತ್ತೆ ತೊಳೆಯಬೇಕು. ಒಂದೇ ಪದರವಾಗಿ ಹರಡಿದರೆ ಮಾತ್ರ ಪೇಪರ್ ಹಿಡಿಯುವುದು. ಈ ಪರೀಕ್ಷೆಗೆ ದುಡ್ಡು ಬೇಡ, ವಿದ್ಯೆ ಬೇಡ, ತಾಳ್ಮೆ ಇದ್ದರಾಯಿತು.

ನನ್ನ ಅಪ್ಪನ ಕಾಲದಲ್ಲಿ ಮರದ ದೋಣಿಗೆ ಮೀನೆಣ್ಣೆ ಹಚ್ಚುವುದು ಮನೆಯ ಕೆಲಸವಾಗಿತ್ತು. ಹೆಂಗಸರು ಮಕ್ಕಳೆಲ್ಲ ಸೇರುತ್ತಿದ್ದರು. ಹಚ್ಚುತ್ತ ಹಚ್ಚುತ್ತ ಅಪ್ಪ ಹಲಗೆಯ ಸಂದಿಗಳಲ್ಲಿ ಬೆರಳಾಡಿಸುತ್ತಿದ್ದರು. ಎಲ್ಲಿ ಹೊಲಿಗೆ ಸಡಿಲವಾಗಿದೆ, ಎಲ್ಲಿ ಹುಳ ಹಿಡಿದಿದೆ ಎಂದು ಆಗಲೇ ತಿಳಿಯುತ್ತಿತ್ತು. ಫೈಬರ್ ಬಂದಮೇಲೆ ದೋಣಿ ಅಚ್ಚಿನಲ್ಲಿ ಎರಕ ಹೊಯ್ದ ಸಾಮಾನು, ಅದಕ್ಕೆ ನಮ್ಮ ಕೈ ಬೇಡ ಎಂದುಕೊಂಡೆವು. ಅದು ತಪ್ಪು. ಫೈಬರಿಗೂ ಮುಪ್ಪು ಬರುತ್ತದೆ. ಮೇಲಿನ ಜೆಲ್‌ಕೋಟು ದಪ್ಪದಲ್ಲಿ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಬಿಸಿಲಿಗೆ ಅದು ಪುಡಿಯಾಗುತ್ತದೆ, ಕೈಯಾಡಿಸಿದರೆ ಸುಣ್ಣದ ಗೋಡೆ ಮುಟ್ಟಿದ ಹಾಗೆ ಬೆಳ್ಳಗೆ ಅಂಟುತ್ತದೆ. ಪೆಟ್ಟು ತಿಂದಲ್ಲಿ ಜೇಡರ ಬಲೆಯಂಥ ಬಿರುಕು ಬಿಡುತ್ತದೆ. ಅಲ್ಲಿಂದ ನೀರು ಒಳಗಿನ ಮ್ಯಾಟಿಗೆ ಇಳಿಯುತ್ತದೆ.

ಕೈಯಲ್ಲಿ ಉಜ್ಜಿದರೆ ಇದೆಲ್ಲ ಬೆರಳಿಗೆ ಸಿಗುತ್ತದೆ. ಎರಡು ವರ್ಷದ ಹಿಂದೆ ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ಉಜ್ಜುತ್ತಿದ್ದೆ. ಬೋಲ್ಟಿನ ಪಕ್ಕ ಕೂದಲೆಳೆಯಷ್ಟು ಗೆರೆ. ಎಷ್ಟು ಉಜ್ಜಿದರೂ ಹೋಗಲಿಲ್ಲ. ಬೋಲ್ಟು ಬಿಚ್ಚಿದಾಗ ಚಹಾದ ಬಣ್ಣದ ನೀರು ಸೋರಿತು. ಚಾಕುವಿನ ತುದಿ ಹಾಕಿ ನೋಡಿದರೆ ಫೈಬರಿನ ಒಳಗಿದ್ದ ಪ್ಲೈವುಡ್ ನೆನೆದ ಅವಲಕ್ಕಿಯ ಹಾಗೆ ಉದುರಿತು. ಎಂಜಿನ್ನಿನ ಭಾರವೂ ಅದರ ನೂಕು ಬಲವೂ ಬೀಳುವುದು ಆ ಒಂದೇ ಹಲಗೆಯ ಮೇಲೆ. ಹೊರಗಿನಿಂದ ಅದು ಕಲ್ಲಿನ ಹಾಗೆ ಕಾಣುತ್ತಿತ್ತು. ಅದರ ಮೇಲೆ ಎರಡು ಕೋಟು ಬಣ್ಣ ಬಿದ್ದಿದ್ದರೆ ಇನ್ನೂ ಚಂದ ಕಾಣುತ್ತಿತ್ತು. ಜುಲೈ ತಿಂಗಳ ಕಡಲಿನಲ್ಲಿ ಅದು ಬಿಟ್ಟುಕೊಟ್ಟಿದ್ದರೆ ನಾವು ಐದು ಮಂದಿ ಎಂಜಿನ್ ಇಲ್ಲದೆ ಅಲೆಗೆ ಅಡ್ಡ ಬೀಳುತ್ತಿದ್ದೆವು. ಹಲಗೆ ಬದಲಿಸುವುದು ನನ್ನಿಂದ ಆಗುವ ಕೆಲಸವಲ್ಲ, ಅದನ್ನು ಮೇಸ್ತ್ರಿಗೇ ಕೊಟ್ಟೆ. ಆದರೆ ರೋಗ ಕಂಡದ್ದು ನನ್ನ ಕೈಗೆ.

ಈಗ ವರ್ಷಕ್ಕೊಮ್ಮೆ ಸ್ಕ್ರೂಡ್ರೈವರಿನ ಹಿಡಿಯಿಂದ ಇಡೀ ದೋಣಿಯನ್ನು ತಟ್ಟುತ್ತೇನೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ. ಪದರ ಬಿಟ್ಟಲ್ಲಿ ಮಂಕು ಸದ್ದು ಬರುತ್ತದೆ. ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟು ಮುಂದಿನ ವರ್ಷ ಅದು ಬೆಳೆದಿದೆಯೇ ನೋಡುತ್ತೇನೆ. ವರ್ಷ ವರ್ಷವೂ ಬೇರೆಯವರ ಕೈಗೆ ಹೋಗುವ ದೋಣಿಯ ಈ ಲೆಕ್ಕ ಯಾರ ಬಳಿ ಇರುತ್ತದೆ?

ಉಳಿದದ್ದು ಕಷ್ಟದ್ದಲ್ಲ. ಹಳೆಯ ಬಣ್ಣಕ್ಕೆ 80ರ ಪೇಪರ್, ಪ್ರೈಮರಿಗೆ ಮೊದಲು 220, ಮೇಲಿನ ಕೋಟಿಗೆ ಮೊದಲು 320. ನಾನು ರೋಲರಿನಲ್ಲಿ ಎಳೆಯುತ್ತ ಹೋದರೆ ಮಗಳು ಹಿಂದೆಯೇ ಬ್ರಷ್ಷಿನ ತುದಿಯಲ್ಲಿ ಗುಳ್ಳೆ ಒಡೆಯುತ್ತ ಬರುತ್ತಾಳೆ. ಬೆಳಗಿನ ಮಂಜು ಆರಿದ ಮೇಲೆ, ಬಿಸಿಲು ಏರುವ ಮೊದಲು ಒಂದು ಬದಿ ಮುಗಿಯಬೇಕು. ಧೂಳು ಕೂರುತ್ತದೆ ಎನ್ನುತ್ತಾರೆ, ಕೂರಲಿ. ಸ್ಪ್ರೇಯಷ್ಟು ಹೊಳಪು ಬಾರದು ಎನ್ನುತ್ತಾರೆ, ನಿಜ. ಹೊಳಪು ಕಡಿಮೆಯಾದರೆ ನನ್ನ ದೋಣಿಗೆ ನಷ್ಟವಿಲ್ಲ. ಹಾರ್ಡ್ನರ್ ಕಲಸುವ ಬಣ್ಣ ವಿಷ ಎನ್ನುವವರಿಗೆ ನನ್ನ ಉತ್ತರ, ನೀರಿನಿಂದ ಮೇಲಿನ ಭಾಗಕ್ಕೆ ಸಾದಾ ಒಂದೇ ಡಬ್ಬಿಯ ಮರೀನ್ ಎನಾಮಲ್ ಸಾಕು. ಅದು ಬೇಗ ಮಾಸುತ್ತದೆ, ಎರಡು ಮೂರು ವರ್ಷಕ್ಕೆ ಮತ್ತೆ ಹೊಡೆಯಬೇಕಾಗುತ್ತದೆ. ಹಾಗೆ ಹೊಡೆಯುವಾಗಲೆಲ್ಲ ದೋಣಿಯನ್ನು ಇನ್ನೊಮ್ಮೆ ಮುಟ್ಟಿ ನೋಡಿದಂತಾಗುತ್ತದೆ. ನನಗೆ ಅದೇ ಬೇಕು.

ವಿರೋಧ
(ಮಲ್ಪೆಯ ಫೈಬರ್ ಕೆಲಸದ ಮೇಸ್ತ್ರಿ)

ನನ್ನಿಂದಲೂ ನಾಲ್ಕು ಮಾತು ಬೇಕೆಂದು ಕೇಳಿದ್ದಾರೆ. ದೊಡ್ಡ ಬೋಟುಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ಇರುವ 61 ದಿನಗಳ ನಿಷೇಧ ಹತ್ತಿರ ಬಂದಿದೆ, ಅವು ಒಂದೊಂದಾಗಿ ಮೇಲೆ ಬರುತ್ತಿವೆ. ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ.

ಮೊದಲು ಹವೆ. ಗಾಳಿಯಲ್ಲಿ ತೇವಾಂಶ ಶೇಕಡಾ 85ಕ್ಕಿಂತ ಹೆಚ್ಚಿದ್ದರೆ ಎರಡು ಡಬ್ಬಿಯ ಪಾಲಿಯುರೆಥೇನ್ ಹೊಡೆಯಬಾರದು. ದೋಣಿಯ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಇಲ್ಲದಿದ್ದರೆ ಹಾರ್ಡ್ನರ್ ನೀರಿನ ಅಂಶದ ಜೊತೆ ಸೇರಿ ಬಣ್ಣ ಮಂಕಾಗುತ್ತದೆ, ಸಣ್ಣ ಗುಳ್ಳೆ ಏಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಟಾರ್ಪಾಲು ಕಟ್ಟಿಕೊಂಡು ಇದನ್ನು ಸಾಧಿಸಲು ಆಗುವುದಿಲ್ಲ. ನಮ್ಮಲ್ಲಿ ಮಾಡು ಇದೆ, ಅಳೆಯುವ ಸಾಧನ ಇದೆ.

ಎರಡನೆಯದು ಹಳೆಯ ಬಣ್ಣದ ಗುರುತು. ಸಾದಾ ಎನಾಮಲ್ಲಿನ ಮೇಲೆ ಎರಡು ಡಬ್ಬಿಯ ಬಣ್ಣ ಹೊಡೆದರೆ ಕೆಳಗಿನದು ಸುಕ್ಕುಗಟ್ಟಿ ಏಳುತ್ತದೆ. ತಿನ್ನರ್ ನೆನೆಸಿದ ಬಟ್ಟೆಯನ್ನು ಕಾಲು ಗಂಟೆ ಅಂಟಿಸಿಟ್ಟು, ಮೆತ್ತಗಾಯಿತೇ ಎಂದು ನೋಡಿದರೆ ಗೊತ್ತಾಗುತ್ತದೆ. ಇದನ್ನು ಯಾರು ಬೇಕಾದರೂ ಮಾಡಬಹುದು, ಆದರೆ ಮಾಡುವುದಿಲ್ಲ. ಹಾಗೆಯೇ ಕಾರಿಗೆ ಹಾಕುವ ಪುಟ್ಟಿಯನ್ನು ನೀರಿನ ಗೆರೆಯ ಕೆಳಗೆ ತುಂಬಿ ತರುತ್ತಾರೆ. ಅದು ನೀರು ಹೀರಿ ಊದಿಕೊಳ್ಳುತ್ತದೆ. ಅಲ್ಲಿಗೆ ಎಪಾಕ್ಸಿ ಪುಟ್ಟಿಯೇ ಬೇಕು. ಎಪಾಕ್ಸಿ ತುಂಬಿದ ಮೇಲೆ ಜೆಲ್‌ಕೋಟು ಹಚ್ಚಲು ಹೋದರೆ ಅದು ಸರಿಯಾಗಿ ಹಿಡಿಯುವುದಿಲ್ಲ.

ಮೂರನೆಯದು ಗುಳ್ಳೆ. ವರ್ಷವಿಡೀ ನೀರಿನಲ್ಲೇ ನಿಲ್ಲುವ ಬೋಟಿನ ಅಡಿಯಲ್ಲಿ ಏಳುವ ಗುಳ್ಳೆಯನ್ನು ಚುಚ್ಚಿದರೆ ವಿನೆಗರಿನ ವಾಸನೆಯ ನೀರು ಬರುತ್ತದೆ. ಅದನ್ನು ಕೆರೆದು, ತೊಳೆದು, ವಾರಗಟ್ಟಲೆ ಒಣಗಿಸಿ, ಎಪಾಕ್ಸಿ ಕೋಟುಗಳನ್ನು ಕೊಡಬೇಕು. ಮೇಲಿನಿಂದ ಬಣ್ಣ ಹೊಡೆದರೆ ನೀರನ್ನು ಒಳಗೇ ಕೂಡಿಹಾಕಿದಂತೆ. ದಿನವೂ ಹೊಯ್ಗೆಗೆ ಎಳೆದಿಡುವ ನಾಡದೋಣಿಗೆ ಈ ತೊಂದರೆ ಕಡಿಮೆ ಎಂಬುದನ್ನು ಒಪ್ಪುತ್ತೇನೆ.

ಬಣ್ಣದ ನಿಯಮವೂ ಇದೆ. 2008ರ ಮುಂಬೈ ದಾಳಿಯ ನಂತರ ಕರಾವಳಿಯ ಭದ್ರತೆಗಾಗಿ ರಾಜ್ಯ ರಾಜ್ಯಕ್ಕೆ ಬೇರೆ ಬೇರೆ ಬಣ್ಣ ಗೊತ್ತುಮಾಡಿದ್ದಾರೆ. ನೋಂದಣಿ ಸಂಖ್ಯೆ ದೂರಕ್ಕೆ ಓದುವಂತಿರಬೇಕು. ಇಷ್ಟ ಬಂದ ಬಣ್ಣ ಹೊಡೆದು ಆಮೇಲೆ ನಮ್ಮಲ್ಲಿಗೆ ತಂದವರಿದ್ದಾರೆ.

ಕೊನೆಯದು ಉಸಿರು. ಎರಡು ಡಬ್ಬಿಯ ಬಣ್ಣದ ಹಾರ್ಡ್ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡಿದಾಗ ಅದು ಮಂಜಾಗಿ ಎದೆಗೆ ಹೋಗುತ್ತದೆ. ಮೂಗಿಗೆ ಕಟ್ಟಿದ ಬಟ್ಟೆಯಾಗಲಿ ಧೂಳಿನ ಮಾಸ್ಕಾಗಲಿ ಅದನ್ನು ತಡೆಯುವುದಿಲ್ಲ. ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಬರುವ ಮುಸುಕು ಬೇಕು. ಒಮ್ಮೆ ದೇಹ ಅದಕ್ಕೆ ಕೆರಳಿತೆಂದರೆ ಆಮೇಲೆ ಚೂರು ವಾಸನೆಗೂ ಉಬ್ಬಸ ಬರುತ್ತದೆ. ನನ್ನ ಜೊತೆ ಕೆಲಸ ಕಲಿತ ಒಬ್ಬ ಹುಡುಗ ಹೀಗೆಯೇ ಕೆಲಸ ಬಿಟ್ಟ. ಈಗ ಅವನಿಗೆ ಬಣ್ಣದ ಅಂಗಡಿಯ ಮುಂದೆ ನಡೆಯಲೂ ಆಗುವುದಿಲ್ಲ. ಆ ಕಾಲದಲ್ಲಿ ನಾವೆಲ್ಲ ಟವಲು ಕಟ್ಟಿಕೊಂಡೇ ಹೊಡೆದದ್ದು. ಹೇಳಿಕೊಡುವವರು ಇರಲಿಲ್ಲ. ಮುಸುಕು ತಂದದ್ದು ಅವನಿಗೆ ಹಾಗಾದ ಮೇಲೆ. ಎಲ್ಲ ಕಡೆಯೂ ಈಗ ಅದು ಇದೆ ಎಂದು ಹೇಳಲು ನನಗೆ ಧೈರ್ಯವಿಲ್ಲ. ದೋಣಿ ಕೊಡುವ ಮೊದಲು ಕೇಳಿ ನೋಡಿ, ಅದು ನಿಮ್ಮ ಹಕ್ಕು.

ತೊಳೆಯುವುದು, ಉಜ್ಜುವುದು ಯಜಮಾನರೇ ಮಾಡಿದರೆ ನನಗೆ ಅಡ್ಡಿಯಿಲ್ಲ. ಹಾಗೆ ಉಜ್ಜಿ ತಂದ ಕೆಲವು ದೋಣಿಗಳು ನಮ್ಮ ಹುಡುಗರು ಉಜ್ಜಿದ್ದಕ್ಕಿಂತ ಚೆನ್ನಾಗಿದ್ದವು. ಜೆಲ್‌ಕೋಟು ಹರಿದು ನೂಲು ಕಾಣುವಷ್ಟು ಒಂದೇ ಕಡೆ ಗ್ರೈಂಡರ್ ಒತ್ತಬೇಡಿ, ಅಷ್ಟೆ. ಎಪಾಕ್ಸಿ, ಹಿಂಬದಿಯ ಹಲಗೆ, ಎರಡು ಡಬ್ಬಿಯ ಬಣ್ಣ ಇವು ಮೂರನ್ನು ನಮಗೆ ಬಿಡಿ. ಮೇ ಅರ್ಧ ಕಳೆದ ಮೇಲೆ ನಾಡದೋಣಿಗೆ ನಮ್ಮ ಮಾಡಿನ ಕೆಳಗೆ ಜಾಗ ಸಿಗುವುದಿಲ್ಲ. ತರುವವರು ಏಪ್ರಿಲಿನಲ್ಲೇ ತನ್ನಿ, ಬಲೆ ಮತ್ತು ಎಂಜಿನ್ ಮನೆಯಲ್ಲಿ ಇಳಿಸಿ, ಎರಡು ದಿನ ಬಿಸಿಲಿಗೆ ಒಣಗಿಸಿ ತನ್ನಿ.