‘ನಮ್ಮಂಥವರಿಗಲ್ಲ’ ಎಂಬ ಅನ್ಯಾಯದ ಮಾತು



‘ಚಿತ್ರಕಲಾ ಪ್ರದರ್ಶನಗಳೆಲ್ಲ ಪಟ್ಟಣದವರಿಗೆ, ಹಣವಂತರಿಗೆ, ನಮ್ಮಂಥವರಿಗಲ್ಲ.’ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ನಮ್ಮ ಕುಟುಂಬಗಳಲ್ಲಿ ಈ ಮಾತು ಎಷ್ಟು ಸಹಜವಾಗಿ ಕೇಳಿಬರುತ್ತದೆಯೆಂದರೆ, ಇದು ನಿಜವೇ ಎಂದು ಯಾರೂ ಪ್ರಶ್ನಿಸುವುದಿಲ್ಲ. ವಿನಯದಂತೆ ತೋರುವ ಈ ಮಾತು ವಾಸ್ತವವಾಗಿ ಒಂದು ಅನ್ಯಾಯ. ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯವಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ನಮ್ಮ ಮಕ್ಕಳಿಗೂ ಮಾಡುವ ಅನ್ಯಾಯವಾದ್ದರಿಂದ ಸುಮ್ಮನಿರಲಾಗದು.

ಮೊದಲು ನಮ್ಮ ಅಂಗಳವನ್ನೇ ನೋಡೋಣ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ 1784ರಲ್ಲಿ ಕಟ್ಟಿದ್ದು. ಅದರ ಪಶ್ಚಿಮದ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಗೆದ್ದು, ಕರ್ನಲ್ ಬೇಯ್ಲಿಯ ಇಂಗ್ಲಿಷ್ ಸೇನೆ ಸೋತ ಕಥೆ ಅದು. ನಮ್ಮಲ್ಲಿ ಎಷ್ಟು ಮಂದಿ ಆ ಗೋಡೆಯ ಮುಂದೆ ಹತ್ತು ನಿಮಿಷ ನಿಂತಿದ್ದೇವೆ? ಶಾಲೆಯ ಪ್ರವಾಸದ ಮಕ್ಕಳನ್ನು ಸಾಲಾಗಿ ಒಳಗೆ ಬಿಟ್ಟು, ಸಾಲಾಗಿ ಹೊರಗೆ ಕರೆತಂದು, ತೋಟದಲ್ಲಿ ಫೋಟೋ ತೆಗೆಸಿ ಬಸ್ಸು ಹತ್ತಿಸುತ್ತೇವೆ. ಅದನ್ನು ‘ನೋಡಿದೆವು’ ಎಂದು ಕರೆಯುತ್ತೇವೆ.

ಈಗ ಇನ್ನೊಂದು ಚಿತ್ರವನ್ನು ಗಮನಿಸಿ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ವಶವಾಯಿತು. ಮರುವರ್ಷವೇ, ಅಂದರೆ 1800ರಲ್ಲಿ, ಲಂಡನ್ನಿನ ಲೈಸಿಯಂ ಭವನದಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವ ಕಲಾವಿದ ಆ ಲಗ್ಗೆಯ ಬೃಹತ್ ಚಿತ್ರವನ್ನು ಪ್ರದರ್ಶಿಸಿದ. ಅದರ ಉದ್ದ ನೂರು ಅಡಿಗೂ ಹೆಚ್ಚು. ಅವನು ನಮ್ಮ ಕೋಟೆಯನ್ನು ಕಣ್ಣಾರೆ ಕಂಡವನಲ್ಲ. ಆದರೂ ಲಂಡನ್ನಿನ ಜನ ಹಣ ಕೊಟ್ಟು, ಗುಂಪುಗೂಡಿ, ನಮ್ಮ ಊರಿನ ಸೋಲನ್ನು ನೋಡಿ ಹಿಗ್ಗಿದರು. ಅಲ್ಲಿ ಅವರ ಗೆಲುವು, ಇಲ್ಲಿ ದರಿಯಾ ದೌಲತ್ತಿನಲ್ಲಿ ಟಿಪ್ಪುವಿನ ಗೆಲುವು. ಗೆದ್ದವನು ತನ್ನ ಗೆಲುವನ್ನೇ ಬರೆಸುತ್ತಾನೆ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಮಗು, ಮುಂದೆ ಯಾವ ಚಿತ್ರವನ್ನು ಕಂಡರೂ ಮೂರು ಪ್ರಶ್ನೆ ಕೇಳುತ್ತದೆ: ಇದನ್ನು ಬರೆಸಿದವರು ಯಾರು? ಯಾರಿಗಾಗಿ? ಇದರಲ್ಲಿ ಕಾಣದಂತೆ ಬಿಟ್ಟದ್ದು ಏನು?

ಚಿತ್ರ ನೋಡಿ ಏನು ಪ್ರಯೋಜನವೆಂದು ಕೇಳುವವರಿಗೆ ಇದೇ ನನ್ನ ಉತ್ತರ. ಇಂದು ನಮ್ಮ ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಮೊಬೈಲಿನಲ್ಲಿ ಚಿತ್ರಗಳ ಮಳೆಯಲ್ಲೇ ನೆನೆಯುತ್ತಿದ್ದಾರೆ. ಊರಿನ ಪ್ರತಿ ವೃತ್ತದಲ್ಲೂ ಫ್ಲೆಕ್ಸುಗಳು ನಗುತ್ತಿವೆ. ಅಕ್ಷರವನ್ನು ಓದಲು ಹತ್ತು ವರ್ಷ ಕಲಿಸುವ ನಾವು, ಚಿತ್ರವನ್ನು ಓದಲು ಒಂದು ದಿನವಾದರೂ ಕಲಿಸಿದ್ದೇವೆಯೇ? ನೋಡಲು ಕಲಿಯದವನು ಸುಲಭವಾಗಿ ಮೋಸಹೋಗುತ್ತಾನೆ.

‘ಅದಕ್ಕೆಲ್ಲ ಖರ್ಚು ಬೇಕು’ ಎನ್ನುವಿರಾ? ಬೆಂಗಳೂರಿನ ಕುಮಾರಕೃಪ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಚಿತ್ರಸಂತೆಯನ್ನು ನಡೆಸುತ್ತ ಬಂದಿದೆ. ವರ್ಷದ ಆರಂಭದಲ್ಲಿ, ಒಂದು ಭಾನುವಾರ, ರಸ್ತೆಯೇ ಗ್ಯಾಲರಿಯಾಗುತ್ತದೆ. ಹೆಸರೇ ಹೇಳುವಂತೆ ಅದು ಸಂತೆ, ಪ್ರವೇಶಕ್ಕೆ ಶುಲ್ಕವಿಲ್ಲ, ಬರೆದ ಕಲಾವಿದನೇ ಚಿತ್ರದ ಪಕ್ಕದಲ್ಲಿ ನಿಂತಿರುತ್ತಾನೆ, ಕೇಳಿದರೆ ಉತ್ತರಿಸುತ್ತಾನೆ. ಪಾಂಡವಪುರ, ಶ್ರೀರಂಗಪಟ್ಟಣಗಳಿಂದ ರೈಲಿದೆ; ನಾಗಮಂಗಲ, ಕೆ.ಆರ್. ಪೇಟೆಗಳಿಂದ ಬಸ್ಸಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಂತೂ ನಮಗೆ ಇನ್ನೂ ಹತ್ತಿರ.

‘ಹೊಸ ಕಾಲದ ಕಲೆ ನಮಗೆ ಅರ್ಥವಾಗುವುದಿಲ್ಲ’ ಎನ್ನುವಿರಾ? ಮೈಸೂರಿನ ಕಲಾವಿದ ಎನ್.ಎಸ್. ಹರ್ಷ 2008ರಲ್ಲಿ ಬ್ರಿಟನ್ನಿನ ವೇಲ್ಸ್‌ನ ಆರ್ಟೆಸ್ ಮುಂಡಿ ಪ್ರಶಸ್ತಿ ಪಡೆದವರು. 2014ರ ಕೊಚ್ಚಿ ಬಿಯೆನಾಲೆಯಲ್ಲಿ ಅವರ ಕೃತಿಯಿತ್ತು. ‘ನಾವು ಬರುತ್ತೇವೆ, ಉಣ್ಣುತ್ತೇವೆ, ಮಲಗುತ್ತೇವೆ’ ಎಂಬರ್ಥದ ಶೀರ್ಷಿಕೆಯ ಅವರ ಚಿತ್ರಗಳಲ್ಲಿ ಜನ ಸಾಲುಸಾಲಾಗಿ ಕಾಣುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ ಅದು ಅರ್ಥವಾಗದೆ ಇನ್ಯಾರಿಗೆ ಅರ್ಥವಾದೀತು? ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನ ಹೊಯ್ಸಳ ದೇವಾಲಯದ ಗೋಡೆಯ ಮೇಲೆ ರಾಮಾಯಣ, ಮಹಾಭಾರತಗಳ ಕಥೆಯನ್ನು ಶಿಲ್ಪಿಗಳು ಕೆತ್ತಿದ್ದು ಪಂಡಿತರಿಗಾಗಿ ಮಾತ್ರವೇ? ಗ್ಯಾಲರಿಗಳಲ್ಲಿ ವಿವರಣೆಯ ಫಲಕಗಳು ತಿಣುಕುವ ಇಂಗ್ಲಿಷಿನಲ್ಲಿರುವುದು ಉಂಟು. ಆಯೋಜಕರ ಈ ದೋಷವನ್ನು ಖಂಡಿತ ಪ್ರಶ್ನಿಸಬೇಕು. ಆದರೆ ಪ್ರಶ್ನಿಸಲಾದರೂ ಬಾಗಿಲೊಳಗೆ ಕಾಲಿಡಬೇಕಲ್ಲವೇ?

ಇನ್ನು, ‘ಅಲ್ಲಿ ಅಶ್ಲೀಲ, ಅಲ್ಲಿ ನಂಬಿಕೆಗೆ ಅಪಚಾರ’ ಎಂಬ ಆಕ್ಷೇಪ. ಎರಡು ವರ್ಷಗಳಿಗೊಮ್ಮೆ ನಡೆಯುವ ವೆನಿಸ್ ಬಿಯೆನಾಲೆಯಲ್ಲಿ ವ್ಯಾಟಿಕನ್ 2013ರಿಂದ ಪಾಲ್ಗೊಳ್ಳುತ್ತಿದೆ. 2024ರ ಏಪ್ರಿಲ್ 28ರಂದು ಪೋಪ್ ಫ್ರಾನ್ಸಿಸ್ ಸ್ವತಃ ಅಲ್ಲಿಗೆ ಹೋದರು. ಆ ಪ್ರದರ್ಶನಕ್ಕೆ ಭೇಟಿಯಿತ್ತ ಮೊದಲ ಜಗದ್ಗುರು ಅವರೇ. ವ್ಯಾಟಿಕನ್ನಿನ ಪ್ರದರ್ಶನವಿದ್ದದ್ದು ಯಾವ ಭವ್ಯ ಭವನದಲ್ಲೂ ಅಲ್ಲ, ಮಹಿಳೆಯರ ಸೆರೆಮನೆಯಲ್ಲಿ. ಸೆರೆಯಲ್ಲಿದ್ದ ಮಹಿಳೆಯರೇ ಬಂದವರಿಗೆ ಕೃತಿಗಳನ್ನು ವಿವರಿಸಿದರು. ಮೊಬೈಲನ್ನು ಹೊರಗೆ ಒಪ್ಪಿಸಿಯೇ ಒಳಗೆ ಹೋಗಬೇಕಿತ್ತು. ಅಲ್ಲಿ ಕಣ್ಣಿನಿಂದಷ್ಟೇ ನೋಡಲು ಸಾಧ್ಯ. ಪ್ರದರ್ಶನದ ಶೀರ್ಷಿಕೆಯೂ ‘ನನ್ನ ಕಣ್ಣುಗಳಿಂದ’ ಎಂದೇ ಇತ್ತು. ಸೆರೆಯಲ್ಲಿದ್ದವರು ಕಲೆಯನ್ನು ವಿವರಿಸಬಲ್ಲರಾದರೆ, ಸ್ವತಂತ್ರರಾದ ನಾವು ‘ನಮ್ಮಂಥವರಿಗಲ್ಲ’ ಎನ್ನುವುದು ಸರಿಯೇ?

ಪ್ರದರ್ಶಿಸಿದ್ದೆಲ್ಲವೂ ಶ್ರೇಷ್ಠವೆಂದು ನಾನು ಹೇಳುತ್ತಿಲ್ಲ. ಬೆಲೆಯ ಚೀಟಿಯ ಹಿಂದೆ ಅಡಗಿದ ಟೊಳ್ಳು ಕೃತಿಗಳೂ ಇವೆ; ಗಮನ ಸೆಳೆಯಲೆಂದೇ ನೋಯಿಸುವ ಕೃತಿಗಳೂ ಇವೆ. ಟೊಳ್ಳನ್ನು ಟೊಳ್ಳೆಂದು ಹೇಳುವ ಹಕ್ಕು ನಮಗೂ ಇದೆ. ಆದರೆ ಆ ಹಕ್ಕು ನೋಡಿದವರಿಗೆ ಸೇರಿದ್ದು. ನೋಡದೆ ಹೊಗಳುವುದು ಎಷ್ಟು ಪೊಳ್ಳೋ ನೋಡದೆ ತೆಗಳುವುದೂ ಅಷ್ಟೇ ಪೊಳ್ಳು.

ಕ್ರಿಸ್‌ಮಸ್ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳಿಗೆ ಚಿತ್ರ ಬರೆಯುವ ಸ್ಪರ್ಧೆ ಏರ್ಪಡಿಸುತ್ತೇವೆ. ಗೆದ್ದವರಿಗೆ ಬಹುಮಾನ ಕೊಟ್ಟು, ಬರೆದ ಹಾಳೆಗಳನ್ನು ಮರುದಿನವೇ ಮರೆಯುತ್ತೇವೆ. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ, ‘ಗೀಚಿದ್ದು ಸಾಕು, ಓದು’ ಎಂದು ಬಣ್ಣದ ಪೆಟ್ಟಿಗೆಯನ್ನು ಕಿತ್ತಿಡುತ್ತೇವೆ. ಒಂದೇ ಒಂದು ನಿಜವಾದ ವರ್ಣಚಿತ್ರವನ್ನು ಎದುರು ನಿಂತು ನೋಡದೆಯೇ ಆ ಮಗುವಿನ ಬಾಲ್ಯ ಮುಗಿದಿರುತ್ತದೆ.

ಆದ್ದರಿಂದ, ಪ್ರಿಯ ತಂದೆತಾಯಂದಿರೇ, ಈ ವರ್ಷದ ಪ್ರವಾಸದ ಪಟ್ಟಿಯಲ್ಲಿ ನೀರಾಟದ ಉದ್ಯಾನವೊಂದನ್ನು ಬಿಟ್ಟು ಚಿತ್ರಶಾಲೆಯೊಂದನ್ನು ಸೇರಿಸಿ. ಮಕ್ಕಳಿಗೆ ಮುಂಚಿತವಾಗಿ ಏನನ್ನೂ ಬೋಧಿಸಬೇಡಿ. ಒಂದು ಚಿತ್ರದ ಮುಂದೆ ಐದು ನಿಮಿಷ ಸುಮ್ಮನೆ ನಿಲ್ಲಿಸಿ, ‘ಏನು ಕಂಡೆ?’ ಎಂದಷ್ಟೇ ಕೇಳಿ. ಉತ್ತರವನ್ನು ತಿದ್ದಬೇಡಿ, ಆಲಿಸಿ.