ಇಂಜಿನ್ ಬದಲಿಸಿದ ಮ್ಯಾಲೆ ಅಳತಿ ಬ್ಯಾಡೇನು?

ನಮ್ಮ ಮಗ ಬೈಕಿಗೆ ದೊಡ್ಡ ಪಿಸ್ಟನ್, ಬ್ಯಾರೆ ಸೈಲೆನ್ಸರ್ ಹಾಕಿಸ್ಯಾನ. ಕೊಣ್ಣೂರಿಂದ ನರಗುಂದ ಮುಟ್ಟೂದ್ರಾಗ ಇಂಜಿನ್ ಕಾದು ಕೆಂಡ ಆಗತೈತಿ. ಈಗ “ಡೈನೋ ಟ್ಯೂನಿಂಗ್‌ಗೆ ರೊಕ್ಕ ಕೊಡಬೇ ಯವ್ವಾ” ಅಂತಾನ. ಮದಲ ಬೈದೆ, ಆಮ್ಯಾಲೆ ಕೇಳಿ ತಿಳಕೊಂಡೆ.

ಹಿಂದಿನ ಗಾಲಿನ ರೋಲರ್ ಮ್ಯಾಲೆ ಓಡಿಸಿ, ಶಕ್ತಿ ಎಷ್ಟು ಬರತೈತಿ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೊಂಟೈತೋ ಇಲ್ಲೋ ನೋಡಿ ಸರಿ ಮಾಡತಾರ. ನಮ್ಮ ಗ್ಯಾಸ್ ಒಲಿಗೆ ಗಾಳಿ ಕಡಿಮಿ ಆದ್ರ ಉರಿ ಹಳದಿ ಆಗಿ ಬೋಗಾಣಿ ಕಪ್ಪಾಗೂದಿಲ್ಲೇನ್ರೀ? ಇಂಜಿನ್ನಿಗೆ ಪೆಟ್ರೋಲ್ ಕಡಿಮಿ ಬಿದ್ರ ಅತೀ ಕಾಯತೈತಿ, ಪಿಸ್ಟನ್ನೂ ಕೆಡಬಹುದು.

ಟೈರು, ಚೈನು ಬದಲಿಸಿದ್ರ ಇದು ದಂಡ. ಪಿಸ್ಟನ್ ಬದಲಿಸಿದ ಮ್ಯಾಲೆ ಬೇಕ ಬೇಕು. ಅಕ್ಕಗೋಳ್ರಾ, ಹುಡುಗೂರು ರೊಕ್ಕ ಕೇಳಿದ್ರ ಟ್ಯೂನಿಂಗ್ ಖರ್ಚೂ ಮದಲ ಕೂಡಿಸ್ರಿ. ಅಷ್ಟು ಆಗದಿದ್ರ ಕಂಪನಿ ಇಂಜಿನ್ನ ಚಲೋ.