ಬೀಗ ಹಾಕಿಡುವ ಮನೆಗೆ ಕಡಲು ಯಾಕೆ?

ಹೋದ ತಿಂಗಳು ಆಂಡರ್ಸನ್‌ಪೇಟೆಯ ನಮ್ಮ ಬೀದಿಯ ಗೆಳೆಯನೊಬ್ಬ ಫೋನ್ ಮಾಡಿದ. ಜೊತೆಗೆ ಓದಿದವನು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. "ಮಚ್ಚಾ, ಗೋಕರ್ಣದ ಹತ್ರ ಒಂದು ಜಾಗ ನೋಡಿದ್ದೀನಿ. ನಾಲ್ಕು ಜನ ಸೇರಿದ್ರೆ ಚಿಕ್ಕದೊಂದು ಮನೆ ಆಗುತ್ತೆ. ಗೋವಾಗಿಂತ ಎಷ್ಟೋ ಅಗ್ಗ. ವರ್ಷಕ್ಕೆ ಎರಡು ಸಲ ಹೋಗಿಬರೋಣ, ನೀನು ಅಲ್ಲೇ ಕೂತು ಥೀಸಿಸ್ ಬರಿ" ಅಂದ. ನನ್ನ ಫೆಲೋಶಿಪ್ ಎಷ್ಟು, ಅದು ಎಷ್ಟು ತಿಂಗಳು ತಡವಾಗಿ ಬರುತ್ತದೆ ಎಂಬುದು ಅವನಿಗೆ ಗೊತ್ತು. ಆದರೂ ಕರೆದ. ನನಗೂ ಒಂದು ಗಳಿಗೆ ಆಸೆಯಾಯಿತು. ಈ ಬರಹ ಮೊದಲು ಆ ಆಸೆಯ ವಿರುದ್ಧ.

ನನ್ನ ತಕರಾರು ಶುರುವಾಗುವುದು 'ಅಗ್ಗ' ಎಂಬ ಮಾತಿನಿಂದ. ಯಾರ ಸಂಬಳಕ್ಕೆ ಅಗ್ಗ? ಬೆಂಗಳೂರಿನ ಸಂಬಳವನ್ನು ಗೋಕರ್ಣದ ಗುಂಟೆಯ ಪಕ್ಕ ಇಟ್ಟು ಅಳೆದರೆ ಅದು ಅಗ್ಗವೇ. ಅದೇ ಗುಂಟೆಯನ್ನು ದೋಣಿಗೆ ಹೋಗುವವನ ಕೂಲಿಯ ಪಕ್ಕ, ಗದ್ದೆಯಲ್ಲಿ ತರಕಾರಿ ಬೆಳೆದು ರಥಬೀದಿಯಲ್ಲಿ ಮಾರುವ ಹಾಲಕ್ಕಿ ಹೆಂಗಸಿನ ದಿನದ ಗಳಿಕೆಯ ಪಕ್ಕ ಇಡಿ. ಎರಡು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದಾಗ ನನಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ಅಮ್ಮ ಪಕ್ಕದ ಹೊಸ ಮನೆಯನ್ನು ತೋರಿಸಿದ್ದರು. ದೊಡ್ಡ ಗೇಟು, ಗೇಟಿಗೆ ಬೀಗ. ಮದುವೆಯಾದ ಅವರ ಎರಡನೆಯ ಮಗನಿಗೆ ಅದೇ ಊರಲ್ಲಿ ಅರ್ಧ ಗುಂಟೆ ಹುಟ್ಟಲಿಲ್ಲ. ಅವನು ಈಗ ಬೆಂಗಳೂರಿನ ಹೊರವಲಯದಲ್ಲಿ ಬಾಡಿಗೆಗಿದ್ದಾನೆ. ಇಬ್ಬರೂ ಮನೆ ಬದಲಿಸಿಕೊಂಡಂತಿದೆ ನೋಡಿ. ಒಬ್ಬರದು ಖಾಲಿ, ಇನ್ನೊಬ್ಬರದು ಇಕ್ಕಟ್ಟು.

ನಮ್ಮೂರವರಿಗೆ ಈ ನಕ್ಷೆ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನಕ್ಕೆ ಬಂದ ಮೇಲೆ ಸಾಹೇಬರಿಗೆ ತೋಟದ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಆದವು. ಊರಿಗೆ 'ಲಿಟಲ್ ಇಂಗ್ಲೆಂಡ್' ಎಂಬ ಹೆಸರೂ ಬಂತು. ಚಿನ್ನ ಅಗೆದವರಿಗೆ ಸಿಕ್ಕಿದ್ದು ಸಾಲು ಸಾಲು ಲೈನ್ ಮನೆಗಳು. ನನ್ನ ತಾತ ಅಂಥದ್ದೊಂದರಲ್ಲಿ ಎಂಟು ಜನರ ಸಂಸಾರ ಮಾಡಿದರು. ಭೂಮಿಯೊಳಗೆ ಮೈಲಿಗಟ್ಟಲೆ ಇಳಿದು ದುಡಿದವರು, ಭೂಮಿಯ ಮೇಲೆ ತಮ್ಮದೆಂದು ಹೇಳಿಕೊಳ್ಳಲು ಒಂದು ಗೋಡೆಯನ್ನೂ ಕಾಣಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಉಳಿದಿದ್ದು ಗಾಳಿ ಎದ್ದರೆ ಮನೆಯೊಳಗೆ ಬಂದು ಕೂರುವ ಸೈನೈಡ್ ದಿಬ್ಬದ ದೂಳು, ಮತ್ತು ನಸುಕಿನಲ್ಲಿ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೊರಡುವ ರೈಲು. ನನ್ನ ಗೆಳೆಯನ ಅಪ್ಪ, ನನ್ನ ಅಪ್ಪ ಇಬ್ಬರೂ ಆ ರೈಲಿನಲ್ಲಿ ನಿಂತುಕೊಂಡೇ ಹೋಗಿ ನಮ್ಮನ್ನು ಓದಿಸಿದವರು. ಅಂಥ ಮನೆಯಿಂದ ಬಂದ ನಾವು ಇನ್ನೊಂದು ಊರಿಗೆ ಬಂಗಲೆಯ ಸಾಹೇಬರಾಗಿ ಹೋಗುವುದೇ?

ಕಾನೂನು ಏನು ಮಾಡುತ್ತಿದೆ ಎಂದು ಕೇಳಬಹುದು. ಕಾನೂನೇ ಬಾಗಿಲು ತೆಗೆದಿದೆ. ಉತ್ತರ ಕನ್ನಡ ಗೇಣಿದಾರರ ಹೋರಾಟದ ನೆಲ. ಅದನ್ನು ಕಟ್ಟಿದ್ದಕ್ಕೆ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರ್ಕಾರ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. 1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿ ಉಳುವವನನ್ನು ಹೊಲದೊಡೆಯನನ್ನಾಗಿಸಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ, 79ಸಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದೆಂದು ಮಾಡಿದರು. ಅದಕ್ಕೂ ಮುಂಚೆ, 2019ರ ಜನವರಿಯ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಜನದಟ್ಟಣೆಯ ಹಳ್ಳಿಗಾಡಿನ ತೀರದಲ್ಲಿ ಕಟ್ಟಡ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತ್ತು. ಗದ್ದೆ ಮಾರಾಟಕ್ಕೆ ಸಿಕ್ಕಿತು, ಅಲೆಯೂ ಹತ್ತಿರ ಬಂತು. ದಲ್ಲಾಳಿಗೆ ಇನ್ನೇನು ಬೇಕು?

ಕಡಲ ಪಕ್ಕ ಮನೆ ಮಾಡಿದ ಕನ್ನಡಿಗರೇ ಇನ್ನೊಂದು ಬಗೆಯವರೂ ಇದ್ದರು. ಗೋವಾದ ವಾಸ್ಕೋದ ಬೈನಾ ತೀರದಲ್ಲಿ, ಕೂಲಿಗೆಂದು ಉತ್ತರ ಕರ್ನಾಟಕದಿಂದ ಹೋದವರ ಮನೆಗಳಿದ್ದವು. 2004ರ ಮಳೆಗಾಲದಲ್ಲಿ ಒಮ್ಮೆ, 2017ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಅಲ್ಲಿ ಬುಲ್ಡೋಜರ್ ಓಡಿತು. ಅವು ಅಕ್ರಮ ಎನ್ನಲಾಯಿತು. ವರ್ಷಪೂರ್ತಿ ವಾಸಿಸಿದವರು ಅತಿಕ್ರಮಣಕಾರರು, ವರ್ಷಕ್ಕೆ ಹತ್ತು ದಿನ ಬರುವವರು ಮಾಲೀಕರು! ಹಣ ಕೊಟ್ಟು ಕೊಂಡಿದ್ದೆಲ್ಲ ಸಕ್ರಮವಿರಬಹುದು. ಸರಿಯೋ ಎಂಬುದು ಬೇರೆ ಪ್ರಶ್ನೆ.

ಗೆಳೆಯನ ವಾದಗಳಿಗೂ ಉತ್ತರ ಕೊಡಬೇಕು. ಅವನು ಹೇಳಿದ: ಯಾರೂ ಬಲವಂತ ಮಾಡಿಲ್ಲ, ಅವರೇ ಮಾರಿದ್ದು. ನಿಜ. ಆಸ್ಪತ್ರೆಗೆ, ಮದುವೆಗೆ, ಸಾಲಕ್ಕೆ ಮಾರಿದ್ದನ್ನೂ ನಾವು 'ಅವರೇ ಮಾರಿದ್ದು' ಎನ್ನುತ್ತೇವೆ. ಮಾರಿದವನಿಗೆ ಒಮ್ಮೆ ಹಣ ಬರುತ್ತದೆ. ಪಕ್ಕದವನಿಗೆ ಬೆಲೆ ಮಾತ್ರ ಏರುತ್ತದೆ. ಊರಿಗೆ ಕೆಲಸ ಬರುತ್ತದಲ್ಲ ಎಂದ. ಬೀಗ ಹಾಕಿದ ಮನೆ ಯಾರಿಂದ ಹಾಲು, ಮೀನು, ಸೊಪ್ಪು ಕೊಳ್ಳುತ್ತದೆ? ಒಬ್ಬ ಕಾವಲುಗಾರನಿಗೆ ಸಂಬಳ ಕೊಡುತ್ತದೆ. ಎಷ್ಟೋ ಸಲ ಅವನು ಅದೇ ನೆಲದ ಹಳೆಯ ಒಡೆಯ.

ಅವನ ಕೊನೆಯ ಮಾತು ಮಾತ್ರ ನನಗೆ ಚುಚ್ಚಿತು. "ನಮ್ಮಪ್ಪ ಐವತ್ತು ದಾಟಿದ ಮೇಲೆ ಸಮುದ್ರ ನೋಡಿದ್ದು ಮಚ್ಚಾ. ಸಾಹುಕಾರರ ಮಕ್ಕಳಿಗೆ ಮಾತ್ರಾನಾ ಕಡಲು?" ಇಲ್ಲ. ಕಡಲು ಅವನ ಅಪ್ಪನಿಗೂ ಬೇಕು. ಅದಕ್ಕೆ ಕಡಲಿಗೆ ಹೋಗಬೇಕು. ಆ ಅಮ್ಮನ ಕೋಣೆಯಲ್ಲಿ ವಾರ ಇದ್ದು, ಅವರ ಕೈಗೆ ಬಾಡಿಗೆ ಕೊಟ್ಟು, ಅವರು ಮಾಡಿದ ಮೀನುಸಾರು ಉಂಡು ಬರಬೇಕು. ನೋಡಲು ನೆಲದ ಪಹಣಿ ಬೇಕಿಲ್ಲ.

ಇದು ಹುಚ್ಚು ಬೇಡಿಕೆಯಲ್ಲ. ಹಿಮಾಚಲದಲ್ಲಿ ಕೃಷಿಕರಲ್ಲದವರು ಸರ್ಕಾರದ ಅನುಮತಿಯಿಲ್ಲದೆ ನೆಲ ಕೊಳ್ಳುವಂತಿಲ್ಲ. ಸ್ವಿಟ್ಜರ್ಲೆಂಡಿನ ಜನ 2012ರಲ್ಲಿ ಮತ ಹಾಕಿ, ಯಾವ ಊರಿನಲ್ಲೂ ರಜೆಯ ಮನೆಗಳು ಶೇ. 20 ಮೀರಬಾರದೆಂದು ತೀರ್ಮಾನಿಸಿದರು. ವೇಲ್ಸ್‌ನಲ್ಲಿ 2023ರಿಂದ ಎರಡನೆಯ ಮನೆಯ ಮೇಲೆ ಸ್ಥಳೀಯ ಸಂಸ್ಥೆಗಳು ಶೇ. 300ರವರೆಗೆ ಹೆಚ್ಚುವರಿ ತೆರಿಗೆ ಹಾಕಬಹುದು. ನಮ್ಮಲ್ಲೂ ತೆಗೆದ ಕಲಮುಗಳು ವಾಪಸು ಬರಲಿ. ಖಾಲಿ ಮನೆಗೆ ಪಂಚಾಯಿತಿ ಭಾರೀ ತೆರಿಗೆ ಹಾಕಲಿ, ಆ ಹಣದಲ್ಲಿ ಊರವರಿಗೆ ನಿವೇಶನ ಮಾಡಲಿ.

ಸಾಹಿತ್ಯದ ಗೆಳೆಯರಿಗೂ ಒಂದು ಮಾತು. 'ಬರೆಯಲಿಕ್ಕೊಂದು ಕಡಲ ಮನೆ' ಎಂಬುದು ನಮ್ಮ ವಲಯದಲ್ಲಿ ಬಹಳ ಮುದ್ದಾದ ಕನಸು. ಕಾರಂತರ, ಚಿತ್ತಾಲರ ಕರಾವಳಿ ಅಲ್ಲಿ ಬದುಕಿದವರ ಕರಾವಳಿ. ಆ ಜನರನ್ನೇ ಊರಿನಿಂದ ಏಳಿಸಿ ಕಟ್ಟಿದ ಜಗಲಿಯ ಮೇಲೆ ಕೂತು ನಾವು ಏನು ಬರೆಯುತ್ತೇವೆ? ಅಲೆಯ ಸದ್ದನ್ನೇ?

ಗೆಳೆಯನಿಗೆ ಬರುವುದಿಲ್ಲ ಎಂದೆ. ಸಿಟ್ಟಾದ. ಅಪ್ಪಂದಿರಿಬ್ಬರನ್ನೂ ಕರೆದುಕೊಂಡು ಡಿಸೆಂಬರಿನಲ್ಲಿ ಗೋಕರ್ಣಕ್ಕೆ ಹೋಗೋಣ, ಆ ಅಮ್ಮನ ಮನೆಯಲ್ಲಿ ಎರಡು ಕೋಣೆ ಹೇಳಿದ್ದೇನೆ ಎಂದೆ. ಇನ್ನೂ ಉತ್ತರ ಬಂದಿಲ್ಲ.